ದಲಾಲಿ ಅಂಗಡಿಯ ಲೆಕ್ಕಕ್ಕೆ ಪೈಥಾನ್: ತಾರೀಖು ಓದುವುದು, ತಪ್ಪು ಹಿಡಿಯುವುದು

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಯಾವುದಾದರೂ ದಲಾಲಿ ಅಂಗಡಿಯ ಲೆಕ್ಕದ ಫೈಲು ತೆರೆದು ತಾರೀಖಿನ ಕಾಲಮ್ ಒಂದನ್ನೇ ನೋಡಿ. ಒಂದು ಸಾಲಿನಲ್ಲಿ 5/4/24. ಅದರ ಕೆಳಗೆ 05-04-2024. ಇನ್ನೊಬ್ಬ ಗುಮಾಸ್ತರು ಚುಕ್ಕಿ ಇಟ್ಟು 5.4.2024 ಅಂತ ಬರೆದಿರುತ್ತಾರೆ, ಕೈಯಲ್ಲಿ ಕಿರ್ದಿ ಬರೆದು ರೂಢಿಯಿರುವ ಹಿರಿಯರು ೫-೪-೨೦೨೪ ಅಂತ ಕನ್ನಡ ಅಂಕಿಯಲ್ಲೇ ಹಾಕಿರುತ್ತಾರೆ. ನಡುವೆ ಎಲ್ಲೋ 45387 ಅನ್ನುವ ಸಂಖ್ಯೆ. ಒಂದು ಕಡೆ ಖಾಲಿ, ಒಂದು ಕಡೆ 31/4/2024, ಇನ್ನೊಂದು ಕಡೆ ‘ಯುಗಾದಿ ಮರುದಿನ’.

ಬರೆದವರಿಗೆ ಇದೆಲ್ಲ ಅರ್ಥ ಆಗುತ್ತದೆ. ಪೈಥಾನ್‌ಗೆ ಆಗುವುದಿಲ್ಲ. ಆವಕ ಜೋರಾಗಿರುವಾಗ ಯಾರಿಗೂ ಇದನ್ನು ತಿದ್ದುತ್ತಾ ಕೂರಲು ಪುರಸೊತ್ತಿರುವುದಿಲ್ಲ, ಆದರೆ ಸೀಸನ್ ಮುಗಿದು ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ ರೈತರ ಪಟ್ಟಿ (ಮಾರಿದ ಮಾಲಿನ ಲೆಕ್ಕದ ಚೀಟಿ), ಖರೀದಿದಾರರ ಉದ್ರಿ, ವಾಯಿದೆ ಮೀರಿದ ದಿನಗಳ ಬಡ್ಡಿ ಎಲ್ಲವೂ ಈ ಒಂದು ಕಾಲಮ್ ಮೇಲೆ ನಿಂತಿರುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಬಿಕಾಂ ಮುಗಿಸಿ ಅಲ್ಪಸ್ವಲ್ಪ ಪೈಥಾನ್ ಕಲಿತು ಇಂಥ ಅಂಗಡಿಗಳಿಗೆ ಸಣ್ಣ ಸ್ಕ್ರಿಪ್ಟ್ ಬರೆದುಕೊಡುವ ಹುಡುಗ ಹುಡುಗಿಯರು ಈಗ ಜಾಸ್ತಿ ಆಗುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲೂಪ್, ಫಂಕ್ಷನ್ ಗೊತ್ತಿದ್ದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರೋಗ್ರಾಂ ಕೆಂಪು ಅಕ್ಷರ ತೋರಿಸಿ ನಿಂತರೆ ಹೆದರಬೇಡಿ. ನಿಲ್ಲದೆ ತಪ್ಪು ತಾರೀಖನ್ನು ಒಳಗೆ ಬಿಟ್ಟುಕೊಂಡು ಸರಿಯಾಗಿ ಕಾಣುವ ಮೊತ್ತ ಕೊಟ್ಟರೆ ಹೆದರಿ. ಕೆಳಗಿನ ಹಂತಗಳೆಲ್ಲ ಅದನ್ನು ತಡೆಯುವುದಕ್ಕೇ ಇವೆ. ಕೋಡ್‌ನ ಪದಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಪೈಥಾನ್‌ನ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಿ.

ಹಂತ 1: ತಾರೀಖನ್ನು ಪಠ್ಯವಾಗಿ ಇಟ್ಟುಕೊಳ್ಳಬೇಡಿ

ಸಿಎಸ್‌ವಿ ಫೈಲಿನಿಂದ ಬಂದದ್ದೆಲ್ಲ ಸ್ಟ್ರಿಂಗ್. ಅದನ್ನೇ ಹಾಗೇ ಸಾರ್ಟ್ ಮಾಡಿದರೆ 05/04/2024 ಮೇಲೆ ಬರುತ್ತದೆ, 12/01/2024 ಕೆಳಗೆ ಹೋಗುತ್ತದೆ. ಏಪ್ರಿಲ್ ಮೊದಲು, ಜನವರಿ ಆಮೇಲೆ! ಪೈಥಾನ್ ಬರೀ ಅಕ್ಷರ ಹೋಲಿಸುತ್ತಿದೆ, ಅದರ ತಪ್ಪೇನಿಲ್ಲ. ಆದ್ದರಿಂದ ಫೈಲು ಓದಿದ ಕೂಡಲೇ ಪ್ರತಿ ತಾರೀಖನ್ನೂ ಡೇಟ್ ಆಬ್ಜೆಕ್ಟ್ ಮಾಡಿಕೊಳ್ಳಿ. ಇದಕ್ಕೆ ಬೇಕಾದ ಡೇಟ್‌ಟೈಮ್ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ, 2003ರ 2.3 ಆವೃತ್ತಿಯಿಂದ ಇದೆ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಆ ಮಾಡ್ಯೂಲ್ ಒಳಗೆ ಡೇಟ್ ಬೇರೆ, ಡೇಟ್‌ಟೈಮ್ ಬೇರೆ. ಮೊದಲನೆಯದರಲ್ಲಿ ದಿನ ಮಾತ್ರ, ಎರಡನೆಯದರಲ್ಲಿ ಗಂಟೆ ನಿಮಿಷವೂ ಸೇರಿದೆ. ಲಾಟ್ (ಒಟ್ಟಿಗೆ ಮಾರಾಟಕ್ಕೆ ಬಂದ ಮಾಲಿನ ರಾಶಿ) ಲೆಕ್ಕಕ್ಕೆ ಡೇಟ್ ಸಾಕು. ಎರಡನ್ನೂ ಬೆರೆಸಿ ದೊಡ್ಡದು ಚಿಕ್ಕದು ಅಂತ ಹೋಲಿಸಲು ಹೋದರೆ ಟೈಪ್‌ಎರರ್ ಬರುತ್ತದೆ, ಹಾಗಾಗಿ ಒಂದನ್ನೇ ಹಿಡಿದು ಕೊನೆತನಕ ಅದನ್ನೇ ಬಳಸಿ.

ಹಂತ 2: ನಮೂನೆ ಕೊಟ್ಟು ಓದಿಸಿ

ಪಠ್ಯದಿಂದ ತಾರೀಖು ತೆಗೆಯುವ ಫಂಕ್ಷನ್ ಹೆಸರು ಸ್ಟ್ರಪ್‌ಟೈಮ್. ಎಸ್, ಟಿ, ಆರ್, ಪಿ, ಅದಕ್ಕೆ ಅಂಟಿಕೊಂಡು ಟೈಮ್. ಇದಕ್ಕೆ ಎರಡು ಕೊಡಬೇಕು: ಓದಬೇಕಾದ ಪಠ್ಯ, ಅದು ಯಾವ ನಮೂನೆಯಲ್ಲಿದೆ ಅನ್ನುವುದು. ನಮೂನೆಯಲ್ಲಿ ಪರ್ಸೆಂಟ್ ಚಿಹ್ನೆಯ ಪಕ್ಕ ಸಣ್ಣ ಡಿ ಅಂದರೆ ದಿನ, ಸಣ್ಣ ಎಂ ಅಂದರೆ ತಿಂಗಳು, ದೊಡ್ಡ ವೈ ಅಂದರೆ ನಾಲ್ಕಂಕಿಯ ವರ್ಷ, ಸಣ್ಣ ವೈ ಅಂದರೆ ಎರಡಂಕಿಯ ವರ್ಷ. ನಡುವೆ ಗೆರೆಯೋ ಚುಕ್ಕಿಯೋ ಹೇಗಿದೆಯೋ ಹಾಗೆ. ದಿನ ಒಂದಂಕಿಯಲ್ಲಿದ್ದರೂ, ಮುಂದೆ ಸೊನ್ನೆ ಇದ್ದರೂ ಎರಡೂ ನಡೆಯುತ್ತದೆ.

ಇಲ್ಲಿ ಒಂದು ಅಕ್ಷರದ ಮೇಲೆ ಕಣ್ಣಿಡಿ. ದೊಡ್ಡ ಎಂ ಅಂದರೆ ತಿಂಗಳಲ್ಲ, ನಿಮಿಷ. ಶಿಫ್ಟ್ ಕೀ ಒತ್ತಿ ದೊಡ್ಡ ಎಂ ಹಾಕಿಬಿಟ್ಟರೆ 05/04/2024 ಅನ್ನುವುದು 2024ರ ಜನವರಿ 5, ನಡುರಾತ್ರಿ ಹನ್ನೆರಡು ಗಂಟೆ ನಾಲ್ಕು ನಿಮಿಷ ಅಂತ ಓದಲ್ಪಡುತ್ತದೆ. ಯಾವ ಎರರೂ ಬರುವುದಿಲ್ಲ. ತಿಂಗಳು ಸಿಗದಿದ್ದರೆ ಸ್ಟ್ರಪ್‌ಟೈಮ್ ಜನವರಿ ಅಂತ ಇಟ್ಟುಕೊಳ್ಳುತ್ತದೆ, ಅಷ್ಟೇ. ಇಡೀ ಸೀಸನ್ನಿನ ಲಾಟ್‌ಗಳೆಲ್ಲ ಜನವರಿಯಲ್ಲೇ ಬಂದ ಹಾಗೆ ಕಂಡರೆ ಮೊದಲು ಈ ಅಕ್ಷರ ನೋಡಿ.

ಎರಡಂಕಿಯ ವರ್ಷಕ್ಕೂ ಒಂದು ನಿಯಮ ಇದೆ. 00ರಿಂದ 68ರವರೆಗೆ 2000ದ ಶತಮಾನ, 69ರಿಂದ 99ರವರೆಗೆ 1900ರದ್ದು. ಲಾಟ್ ತಾರೀಖಿಗೆ ಇದರಿಂದ ತೊಂದರೆಯಿಲ್ಲ. ಆದರೆ ಅದೇ ಫೈಲಿನಲ್ಲಿ ರೈತರ ಜನ್ಮ ದಿನಾಂಕವೂ ಇದ್ದು 12/6/65 ಅಂತ ಬರೆದಿದ್ದರೆ ಅವರು 2065ರಲ್ಲಿ ಹುಟ್ಟುವವರಾಗುತ್ತಾರೆ. ಜನ್ಮ ದಿನಾಂಕಕ್ಕೆ ನಾಲ್ಕಂಕಿಯ ವರ್ಷವನ್ನೇ ಕೇಳಿ ಬರೆಸಿಕೊಳ್ಳಿ.

ಹಂತ 3: ಓದಿಸುವ ಮುನ್ನ ಸ್ವಚ್ಛ ಮಾಡಿ

ಹಿಂದೆ ಮುಂದೆ ಖಾಲಿ ಜಾಗ ಇದ್ದರೆ ಸ್ಟ್ರಿಪ್ ಬಳಸಿ ತೆಗೆಯಿರಿ. ಕೊನೆಯಲ್ಲಿ ಒಂದೇ ಒಂದು ಸ್ಪೇಸ್ ಇದ್ದರೂ ಸ್ಟ್ರಪ್‌ಟೈಮ್ ಒಪ್ಪುವುದಿಲ್ಲ. ಚುಕ್ಕಿ, ಅಡ್ಡಗೆರೆ ಎರಡನ್ನೂ ರಿಪ್ಲೇಸ್ ಮಾಡಿ ಓರೆಗೆರೆ ಮಾಡಿಕೊಂಡರೆ ನಮೂನೆಗಳು ಎರಡಕ್ಕೆ ಇಳಿಯುತ್ತವೆ: ನಾಲ್ಕಂಕಿ ವರ್ಷದ್ದೊಂದು, ಎರಡಂಕಿಯದ್ದೊಂದು.

ಕನ್ನಡ ಅಂಕಿಯದ್ದು ಸ್ವಲ್ಪ ವಿಚಿತ್ರ. ಪೈಥಾನ್‌ನ ಇಂಟ್ ಫಂಕ್ಷನ್‌ಗೆ ೨೦೨೪ ಕೊಟ್ಟು ನೋಡಿ, ಸರಾಗವಾಗಿ 2024 ಅಂತ ಕೊಡುತ್ತದೆ. ಯುನಿಕೋಡ್‌ನಲ್ಲಿರುವ ಅಂಕಿಗಳನ್ನೆಲ್ಲ ಅದು ಬಲ್ಲದು. ಆದರೆ ೫/೪/೨೦೨೪ ಅನ್ನು ಸ್ಟ್ರಪ್‌ಟೈಮ್‌ಗೆ ಕೊಟ್ಟರೆ ನಮೂನೆಗೆ ಹೊಂದುವುದಿಲ್ಲ ಅನ್ನುತ್ತದೆ, ದಿನ ಮತ್ತು ತಿಂಗಳ ಜಾಗದಲ್ಲಿ ಅದು ಹುಡುಕುವುದು ಇಂಗ್ಲಿಷ್ ಅಂಕಿಯನ್ನೇ. ಪರಿಹಾರ ಸುಲಭ. ಸ್ಟ್ರಿಂಗ್‌ನ ಮೇಕ್‌ಟ್ರಾನ್ಸ್‌ಗೆ ಮೊದಲು ೦೧೨೩೪೫೬೭೮೯, ಆಮೇಲೆ 0123456789 ಕೊಟ್ಟು ಒಂದು ಪಟ್ಟಿ ಮಾಡಿಟ್ಟುಕೊಳ್ಳಿ, ಪ್ರತಿ ಪಠ್ಯದ ಮೇಲೂ ಟ್ರಾನ್ಸ್‌ಲೇಟ್ ಓಡಿಸಿ. ಹಿರಿಯ ಗುಮಾಸ್ತರಿಗೆ ‘ಇಂಗ್ಲಿಷ್ ಅಂಕಿಯಲ್ಲೇ ಬರೀರಿ’ ಅಂತ ಹೇಳುವುದಕ್ಕಿಂತ ಈ ಎರಡು ಸಾಲು ಬರೆಯುವುದು ಒಳ್ಳೆಯದು.

45387 ಎಕ್ಸೆಲ್‌ನಿಂದ ಬಂದದ್ದು. ಎಕ್ಸೆಲ್ ಒಳಗೊಳಗೆ ತಾರೀಖನ್ನು ದಿನಗಳ ಎಣಿಕೆಯಾಗಿ ಇಡುತ್ತದೆ, ಸೆಲ್‌ನ ಫಾರ್ಮ್ಯಾಟ್ ಹೋದರೆ ಆ ಸಂಖ್ಯೆ ಹೊರಗೆ ಕಾಣುತ್ತದೆ. 1899ರ ಡಿಸೆಂಬರ್ 30ಕ್ಕೆ ಅಷ್ಟು ದಿನ ಕೂಡಿಸಿ, 2024ರ ಏಪ್ರಿಲ್ 5 ಸಿಗುತ್ತದೆ. ಡಿಸೆಂಬರ್ 30 ಯಾಕೆ ಅಂದರೆ, 1900 ಅಧಿಕ ವರ್ಷ ಅಲ್ಲದಿದ್ದರೂ ಎಕ್ಸೆಲ್ ಆ ವರ್ಷದ ಫೆಬ್ರುವರಿ 29 ಅನ್ನೂ ಎಣಿಸುತ್ತದೆ, ಆ ಒಂದು ದಿನ ಸರಿದೂಗಿಸಬೇಕು.

ಹಂತ 4: ಎಕ್ಸೆಪ್ಶನ್ ಹಿಡಿಯಿರಿ, ಆದರೆ ಬೇಕಾದ್ದನ್ನಷ್ಟೇ

ಎರರ್ (ಪೈಥಾನ್ ಭಾಷೆಯಲ್ಲಿ ಎಕ್ಸೆಪ್ಶನ್) ಬಂದಾಗ ಉದ್ದದ ಪಠ್ಯ ಬರುತ್ತದಲ್ವಾ, ಅದನ್ನು ಕೆಳಗಿನ ಸಾಲಿನಿಂದ ಓದಿ. ತಪ್ಪಿನ ಜಾತಿ ಮತ್ತು ಕಾರಣ ಅಲ್ಲೇ ಇರುತ್ತದೆ. ತಾರೀಖಿನ ವಿಷಯದಲ್ಲಿ ಹೆಚ್ಚಾಗಿ ಬರುವುದು ವ್ಯಾಲ್ಯೂಎರರ್. ‘ಯುಗಾದಿ ಮರುದಿನ’ ನಮೂನೆಗೆ ಹೊಂದದು, 31/4/2024 ನಮೂನೆಗೆ ಹೊಂದಿದರೂ ಏಪ್ರಿಲ್‌ನಲ್ಲಿ 31 ಇಲ್ಲ, ಎರಡಂಕಿಯ ನಮೂನೆಗೆ ನಾಲ್ಕಂಕಿಯ ವರ್ಷ ಕೊಟ್ಟರೆ ಕೊನೆಯಲ್ಲಿ ಅಂಕಿ ಉಳಿದುಹೋಯಿತು ಅನ್ನುತ್ತದೆ. ಮೂರಕ್ಕೂ ಜಾತಿ ಒಂದೇ. ಖಾಲಿ ಸೆಲ್ ಮಾತ್ರ ಎಲ್ಲಿಂದ ಬಂತು ಅನ್ನುವುದರ ಮೇಲೆ ಬದಲಾಗುತ್ತದೆ: ಸಿಎಸ್‌ವಿಯಿಂದ ಬಂದರೆ ಅದು ಖಾಲಿ ಸ್ಟ್ರಿಂಗ್, ಹಾಗಾಗಿ ವ್ಯಾಲ್ಯೂಎರರ್. ಓಪನ್‌ಪಿವೈಎಕ್ಸ್‌ಎಲ್ ಬಳಸಿ ಎಕ್ಸೆಲ್ ಫೈಲನ್ನೇ ಓದಿದರೆ ಅದು ನನ್ (ಏನೂ ಇಲ್ಲ ಅನ್ನುವುದಕ್ಕೆ ಪೈಥಾನ್‌ನ ಹೆಸರು), ಹಾಗಾಗಿ ಟೈಪ್‌ಎರರ್. ಸೆಲ್ ನಿಜವಾದ ತಾರೀಖಾಗಿದ್ದರೆ ಅದೇ ಲೈಬ್ರರಿ ಸಿದ್ಧ ಡೇಟ್‌ಟೈಮ್ ಆಬ್ಜೆಕ್ಟನ್ನೇ ಕೊಡುತ್ತದೆ, ಅದನ್ನು ಮತ್ತೆ ಸ್ಟ್ರಪ್‌ಟೈಮ್‌ಗೆ ಹಾಕಿದರೂ ಟೈಪ್‌ಎರರ್. ಆದ್ದರಿಂದ ಮೊದಲು ಬಂದದ್ದು ಏನು ಅಂತ ಇಸ್‌ಇನ್‌ಸ್ಟನ್ಸ್ ಬಳಸಿ ನೋಡಿಕೊಳ್ಳಿ.

ಈಗ ಫಂಕ್ಷನ್. ಟ್ರೈ ಒಳಗೆ ಎರರ್ ಬಂದರೆ ಪ್ರೋಗ್ರಾಂ ನಿಲ್ಲದೆ ಎಕ್ಸೆಪ್ಟ್ ಭಾಗಕ್ಕೆ ಹೋಗುತ್ತದೆ, ರೈಸ್ ಅಂದರೆ ನಾವೇ ಎರರ್ ಎಬ್ಬಿಸುವುದು. ಫಂಕ್ಷನ್‌ನ ಹೊಟ್ಟೆ ಹೀಗಿರಲಿ:

ಕಾರಣಗಳು = []
ಫಾರ್ ನಮೂನೆ ಇನ್ ನಮೂನೆಗಳು:
    ಟ್ರೈ:
        ರಿಟರ್ನ್ ಡೇಟ್‌ಟೈಮ್.ಸ್ಟ್ರಪ್‌ಟೈಮ್(ಪಠ್ಯ, ನಮೂನೆ).ಡೇಟ್()
    ಎಕ್ಸೆಪ್ಟ್ ವ್ಯಾಲ್ಯೂಎರರ್ ಆ್ಯಸ್ ಇ:
        ಕಾರಣಗಳು.ಅಪೆಂಡ್(ಸ್ಟ್ರ್(ಇ))
ರೈಸ್ ತಾರೀಖುತಪ್ಪು(ಪಠ್ಯ, ಕಾರಣಗಳು)

ಇದರಲ್ಲಿ ಕಾರಣಗಳು, ನಮೂನೆ, ಪಠ್ಯ, ತಾರೀಖುತಪ್ಪು ಇವನ್ನು ನೀವು ಕನ್ನಡ ಅಕ್ಷರದಲ್ಲೇ ಟೈಪ್ ಮಾಡಬಹುದು. ಪೈಥಾನ್ 3 ಬಂದಾಗಿನಿಂದ ವೇರಿಯಬಲ್‌ಗೆ ಕನ್ನಡ ಹೆಸರಿಡಲು ಅವಕಾಶ ಇದೆ, ಅಂಗಡಿಯವರಿಗೆ ಕೋಡ್ ತೋರಿಸುವಾಗ ನನಗೆ ಇದು ತುಂಬಾ ಇಷ್ಟ.

ಕಾರಣಗಳನ್ನು ಕೂಡಿಡುವ ಸಾಲು ಯಾಕೆ ಬೇಕು ಅಂತ ಸ್ವಲ್ಪ ನಿಧಾನವಾಗಿ ನೋಡಿ. 31/4/2024 ಮೊದಲ ನಮೂನೆಯಲ್ಲಿ ‘ಆ ತಿಂಗಳಲ್ಲಿ ಅಷ್ಟು ದಿನ ಇಲ್ಲ’ ಅನ್ನುವ ಸರಿಯಾದ ಕಾರಣಕ್ಕೆ ಬಿದ್ದಿತು. ಆಮೇಲೆ ಎರಡನೇ ನಮೂನೆಗೆ ಹೋಗಿ ‘ಅಂಕಿ ಉಳಿಯಿತು’ ಅಂತ ಬಿದ್ದಿತು. ಕೊನೆಯದನ್ನು ಮಾತ್ರ ಇಟ್ಟುಕೊಂಡರೆ ಗುಮಾಸ್ತರಿಗೆ ಕಾಣುವುದು ಕೆಲಸಕ್ಕೆ ಬಾರದ ಕಾರಣ. ಇನ್ನೊಂದು, ಎಕ್ಸೆಪ್ಟ್ ಭಾಗ ಮುಗಿದ ಕೂಡಲೇ ಪೈಥಾನ್ ಆ ಇ ಅನ್ನುವ ಹೆಸರನ್ನೇ ಅಳಿಸಿಬಿಡುತ್ತದೆ, ಹೊರಗೆ ಬಂದು ಕೇಳಿದರೆ ನೇಮ್‌ಎರರ್. ಅದಕ್ಕೇ ಒಳಗಿರುವಾಗಲೇ ಸ್ಟ್ರಿಂಗ್ ಮಾಡಿ ತೆಗೆದಿಡುವುದು.

ತಾರೀಖುತಪ್ಪು ನಮ್ಮದೇ ಎಕ್ಸೆಪ್ಶನ್. ಕ್ಲಾಸ್ ಬರೆದು ವ್ಯಾಲ್ಯೂಎರರ್‌ನಿಂದ ಇನ್‌ಹೆರಿಟ್ ಮಾಡಿಸಿ (ಅಂದರೆ ಅದರದ್ದೇ ಒಂದು ಬಗೆ ಅಂತ ಹೇಳಿ), ಎರಡು ಸಾಲಿನ ಕೆಲಸ. ಲೆಕ್ಕದ ಬೇರೆ ಕಡೆ ತೂಕ ಓದುವಾಗಲೂ ವ್ಯಾಲ್ಯೂಎರರ್ ಬರಬಹುದು, ಸ್ವಂತ ಹೆಸರಿದ್ದರೆ ಎಡವಿದ್ದು ತಾರೀಖೋ ತೂಕವೋ ಅಂತ ಬೇರೆ ಮಾಡಬಹುದು.

ಇನ್ನು ಮಾಡಲೇಬಾರದ್ದು. ಬರೀ ಎಕ್ಸೆಪ್ಟ್ ಬರೆದು ಅದರ ಕೆಳಗೆ ಪಾಸ್ ಹಾಕುವುದು. ಬಹಳ ಜನ ಇದನ್ನು ಮಾಡುತ್ತಾರೆ, ಯಾಕೆಂದರೆ ಹಾಕಿದ ಕ್ಷಣ ಕೆಂಪು ಅಕ್ಷರ ಮಾಯವಾಗುತ್ತದೆ. ಮಾಯವಾಗಿದ್ದು ಏನು ನೋಡಿ. ತಾರೀಖು ಓದಲಾಗದ ಸಾಲು ಸುಮ್ನೆ ಬಿಟ್ಟುಹೋಯಿತು, ಆ ಸಾಲಿನಲ್ಲಿದ್ದ ಚೀಲಗಳು, ತೂಕ, ರೈತರಿಗೆ ಸಲ್ಲಬೇಕಾದ ರೊಕ್ಕ ಎಲ್ಲವೂ ಅದರ ಜೊತೆಗೇ ಹೋಯಿತು. ಕೆಳಗೆ ಒಟ್ಟು ಮೊತ್ತ ಬಂದಿರುತ್ತದೆ, ಚೆನ್ನಾಗಿಯೇ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ತಮ್ಮ ಪಟ್ಟಿ ಸಿಗಲಿಲ್ಲ ಅಂತ ಮೋಟೆಬೆನ್ನೂರಿನಿಂದಲೋ ಶಿಗ್ಗಾವಿಯಿಂದಲೋ ರೈತರೇ ಅಂಗಡಿಗೆ ಬಂದು ಕೇಳುವ ತನಕ ಗೊತ್ತಾಗುವುದಿಲ್ಲ. ಅಷ್ಟೇ ಅಲ್ಲ, ಬರೀ ಎಕ್ಸೆಪ್ಟ್ ನಿಮ್ಮದೇ ಸ್ಪೆಲಿಂಗ್ ತಪ್ಪಿನಿಂದ ಬಂದ ನೇಮ್‌ಎರರ್ ಅನ್ನೂ ನುಂಗುತ್ತದೆ, ನಿಲ್ಲಿಸಲು ನೀವು ಒತ್ತಿದ ಕಂಟ್ರೋಲ್ ಸಿ ಅನ್ನೂ ನುಂಗುತ್ತದೆ.

ಪಾಂಡಾಸ್ ಲೈಬ್ರರಿ ಬಳಸುವವರಿಗೂ ಇದೇ ಎಚ್ಚರಿಕೆ. ಟು ಡೇಟ್‌ಟೈಮ್‌ನಲ್ಲಿ ಎರರ್ಸ್‌ಗೆ ಕೊಅರ್ಸ್ ಅಂತ ಕೊಟ್ಟರೆ ಓದಲಾಗದ್ದೆಲ್ಲ ಸದ್ದಿಲ್ಲದೆ ಖಾಲಿ ತಾರೀಖಾಗುತ್ತದೆ. ಕೊಡಲೇಬೇಕಾದರೆ ಮುಂದಿನ ಸಾಲಿನಲ್ಲೇ ಎಷ್ಟು ಖಾಲಿಯಾದವು ಅಂತ ಎಣಿಸಿ.

ಹಂತ 5: ಕೆಟ್ಟ ಸಾಲುಗಳಿಗೆ ಒಂದು ಜಾಗ ಮಾಡಿ

ಫೈಲಿನ ಲೂಪ್‌ನಲ್ಲಿ ಟ್ರೈ ಒಳಗೆ ತಾರೀಖು ಓದುವ ಒಂದೇ ಸಾಲು ಇರಲಿ. ತಾರೀಖುತಪ್ಪು ಬಂದರೆ ಸಾಲಿನ ನಂಬರ್, ಮೂಲದಲ್ಲಿ ಇದ್ದ ಪಠ್ಯ ಇದ್ದ ಹಾಗೇ, ಕಾರಣ, ಈ ಮೂರನ್ನೂ ಬೇರೆ ಲಿಸ್ಟಿಗೆ ಸೇರಿಸಿ. ಎಲ್ಲ ಸರಿ ಹೋದರೆ ಮುಂದಿನ ಲೆಕ್ಕವನ್ನು ಎಲ್ಸ್ ಭಾಗದಲ್ಲಿ ಮಾಡಿ. ಟ್ರೈಗೂ ಎಲ್ಸ್ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಎಲ್ಸ್ ಒಳಗೆ ಬಂದ ಎರರ್ ಮೇಲಿನ ಎಕ್ಸೆಪ್ಟ್‌ಗೆ ಸಿಗುವುದಿಲ್ಲ, ಅದು ನಮಗೆ ಬೇಕಾದದ್ದೇ.

ಕೊನೆಗೆ ಆ ಲಿಸ್ಟನ್ನು ‘ನೋಡಬೇಕಾದವು’ ಅಂತ ಬೇರೆ ಫೈಲಿಗೆ ಬರೆದು ಅಂಗಡಿಗೆ ಕೊಡಿ. ಒಳ್ಳೆಯ ಸಾಲು, ಕೆಟ್ಟ ಸಾಲು ಕೂಡಿಸಿದರೆ ಮೂಲ ಫೈಲಿನ ಸಾಲುಗಳಷ್ಟೇ ಆಗಬೇಕು. ಆಗದಿದ್ದರೆ ರೈಸ್ ಮಾಡಿ ನಿಲ್ಲಿಸಿ, ಮೊತ್ತ ತೋರಿಸಲೇಬೇಡಿ.

‘ಯುಗಾದಿ ಮರುದಿನ’ಕ್ಕೆ ಕೋಡ್ ಬರೆಯಲು ಹೋಗಬೇಡಿ. 2024ರ ಯುಗಾದಿ ಏಪ್ರಿಲ್ 9ಕ್ಕೆ ಇತ್ತು, ಹಾಗಾದರೆ 10 ಅಂತ ನಮಗೆ ಅನಿಸುತ್ತದೆ, ಆದರೆ ಬರೆದವರ ಮನಸ್ಸಿನಲ್ಲಿದ್ದದ್ದು ಅಂಗಡಿ ಮತ್ತೆ ತೆರೆದ ದಿನವೂ ಇರಬಹುದು. ಅದನ್ನು ಹೇಳಬೇಕಾದವರು ಗುಮಾಸ್ತರೇ.

ಹಂತ 6: ಎರರ್ ಬಾರದ ತಪ್ಪು

ಇದು ಎಲ್ಲಕ್ಕಿಂತ ಮುಖ್ಯ. ಏಪ್ರಿಲ್ 5 ಅನ್ನು ಮೇ 4 ಅಂತ ಓದಿದರೆ ಪೈಥಾನ್‌ಗೆ ಏನೂ ತೊಂದರೆಯಿಲ್ಲ, ಎರಡೂ ನಿಜವಾದ ದಿನಗಳೇ. ಯಾವ ಎಕ್ಸೆಪ್ಶನ್ನೂ ನಿಮ್ಮನ್ನು ಕಾಪಾಡುವುದಿಲ್ಲ.

ಇದು ಆಗುವುದು ಹೀಗೆ. ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ ಇಂಗ್ಲಿಷ್ ಆಗಿರುತ್ತದೆ, ಹೊಸ ಕಂಪ್ಯೂಟರ್ ತಂದಾಗ ಯಾರೂ ಅದನ್ನು ನೋಡಿರುವುದಿಲ್ಲ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಅದು 05/04/2024 ಅನ್ನು ಮೇ 4 ಅಂತ ತಿಳಿದುಕೊಳ್ಳುತ್ತದೆ. 13/04/2024ಕ್ಕೆ ಬಂದಾಗ ಹದಿಮೂರನೇ ತಿಂಗಳು ಇಲ್ಲ, ಹಾಗಾಗಿ ಅದನ್ನು ಪಠ್ಯವಾಗಿಯೇ ಬಿಡುತ್ತದೆ. ಅಂದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳು ತಿರುಗುಮುರುಗಾಗುತ್ತವೆ, ಉಳಿದವು ಸರಿಯಾಗಿರುತ್ತವೆ. ಅರ್ಧ ಸರಿ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಲ್ಲೇ ಗುರುತಿಸಲು ಒಂದು ದಾರಿ: ಕಾಲಮ್‌ಗೆ ಅಲೈನ್‌ಮೆಂಟ್ ಏನೂ ಕೊಟ್ಟಿಲ್ಲದಿದ್ದರೆ ಎಕ್ಸೆಲ್ ತಾರೀಖೆಂದು ತಿಳಿದದ್ದು ಸೆಲ್‌ನ ಬಲಕ್ಕೆ ಅಂಟುತ್ತದೆ, ಪಠ್ಯವಾಗಿ ಉಳಿದದ್ದು ಎಡಕ್ಕೆ. ಒಂದೇ ಕಾಲಮ್‌ನಲ್ಲಿ ಎಡವೂ ಬಲವೂ ಕಂಡರೆ ಆ ಫೈಲನ್ನು ಬದಿಗಿಟ್ಟು ಮೂಲ ಫೈಲು ಕೇಳಿ.

ಕೋಡ್‌ನಲ್ಲಿ ಮಾಡಬಹುದಾದದ್ದು ಮಿತಿ ಹಾಕುವುದು. ಲಾಟ್ ತಾರೀಖು ಇವತ್ತಿಗಿಂತ ಮುಂದೆ ಇರಲು ಸಾಧ್ಯವಿಲ್ಲ, ಸೀಸನ್ ಶುರುವಾಗುವುದಕ್ಕಿಂತ ಹಿಂದೆಯೂ ಇರಬಾರದು. ಆಚೆ ಈಚೆ ಹೋದರೆ ತಾರೀಖುತಪ್ಪು ರೈಸ್ ಮಾಡಿ. ಫೆಬ್ರುವರಿ 11ರ ಲಾಟ್ ನವೆಂಬರ್ 2 ಆಗಿ ಬಂದರೆ ಇದರಲ್ಲಿ ಸಿಕ್ಕಿಬೀಳುತ್ತದೆ. ಮಾರ್ಚ್ 4 ಏಪ್ರಿಲ್ 3 ಆದರೆ ಸಿಗದು. ಅದಕ್ಕೆ ಲಾಟ್ ನಂಬರ್ ಸಹಾಯ ಮಾಡುತ್ತದೆ: ನಂಬರ್ ಏರುತ್ತಾ ಹೋದ ಹಾಗೆ ತಾರೀಖೂ ಏರಬೇಕು, ಹಿಂದಕ್ಕೆ ಹೋದ ಸಾಲನ್ನೆಲ್ಲ ನೋಡಬೇಕಾದವುಗಳ ಲಿಸ್ಟಿಗೆ ಹಾಕಿ.

ಹಂತ 7: ವಾಯಿದೆ ಲೆಕ್ಕ

ಮೊದಲು ಸಾಹುಕಾರರನ್ನು ಕೇಳಿ: ‘ಉದ್ರಿ ಮೂವತ್ತು ದಿನವೋ, ಒಂದು ತಿಂಗಳೋ?’ ಬಾಯಿಮಾತಿನಲ್ಲಿ ಎರಡೂ ಒಂದೇ, ಬಡ್ಡಿ ಹಾಕುವಾಗ ಅಲ್ಲ. 2024ರ ಜನವರಿ 31ಕ್ಕೆ ಡೇಟ್‌ಟೈಮ್ ಮಾಡ್ಯೂಲ್‌ನ ಟೈಮ್‌ಡೆಲ್ಟಾದಿಂದ 30 ದಿನ ಕೂಡಿಸಿದರೆ ಮಾರ್ಚ್ 1 ಬರುತ್ತದೆ. 2025ರಲ್ಲಿ ಅದೇ ಲೆಕ್ಕಕ್ಕೆ ಮಾರ್ಚ್ 2. ಒಂದು ತಿಂಗಳು ಅಂದರೆ ಫೆಬ್ರುವರಿಯ ಕೊನೆಯ ದಿನ ಆಗಬೇಕು.

ಟೈಮ್‌ಡೆಲ್ಟಾಗೆ ತಿಂಗಳು ಅನ್ನುವುದೇ ಇಲ್ಲ. ರಿಪ್ಲೇಸ್ ಬಳಸಿ ತಿಂಗಳು 2 ಮಾಡಲು ಹೋದರೆ ಫೆಬ್ರುವರಿ 31 ಆಗಿ ವ್ಯಾಲ್ಯೂಎರರ್ ಬರುತ್ತದೆ. ಕ್ಯಾಲೆಂಡರ್ ಮಾಡ್ಯೂಲ್‌ನ ಮಂತ್‌ರೇಂಜ್ ಆ ತಿಂಗಳಲ್ಲಿ ಎಷ್ಟು ದಿನ ಅಂತ ಹೇಳುತ್ತದೆ, ಅದು ಕೊಡುವ ಎರಡು ಸಂಖ್ಯೆಯಲ್ಲಿ ಎರಡನೆಯದು ನಮಗೆ ಬೇಕಾದದ್ದು. ಬೇಕಾದ ದಿನ, ಆ ಸಂಖ್ಯೆ ಎರಡರಲ್ಲಿ ಚಿಕ್ಕದನ್ನು ತೆಗೆದುಕೊಳ್ಳಿ. ಇಲ್ಲವಾದರೆ ಡೇಟ್‌ಯುಟಿಲ್ ಲೈಬ್ರರಿ ಹಾಕಿಕೊಂಡು ಅದರ ರಿಲೇಟಿವ್‌ಡೆಲ್ಟಾ ಬಳಸಿ, ಅದೂ ತಿಂಗಳ ಕೊನೆಯ ದಿನಕ್ಕೇ ತಂದು ನಿಲ್ಲಿಸುತ್ತದೆ. ಕಂತುಗಳಿದ್ದರೆ ಪ್ರತಿ ಕಂತನ್ನೂ ಮೊದಲ ತಾರೀಖಿನಿಂದಲೇ ಎಣಿಸಿ. ಹಿಂದಿನ ಕಂತಿಗೆ ಒಂದೊಂದು ತಿಂಗಳು ಸೇರಿಸುತ್ತಾ ಹೋದರೆ ಫೆಬ್ರುವರಿ 29ಕ್ಕೆ ಬಂದದ್ದು ಮುಂದೆಯೂ 29ರಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಹಣಕಾಸು ವರ್ಷ ಸುಲಭ. ತಿಂಗಳು 4 ಅಥವಾ ಅದಕ್ಕಿಂತ ದೊಡ್ಡದಾದರೆ ಅದೇ ವರ್ಷ, ಇಲ್ಲವಾದರೆ ಹಿಂದಿನದು.

ಹಂತ 8: ಕ್ಲೌಡ್‌ನಲ್ಲಿ ಓಡಿಸುವವರಿಗೆ

ಸ್ಕ್ರಿಪ್ಟ್ ಅಂಗಡಿಯ ಕಂಪ್ಯೂಟರಿನಲ್ಲೇ ಓಡಿದರೆ ಇದನ್ನು ಬಿಟ್ಟು ಮುಂದೆ ಹೋಗಿ. ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ) ಇರುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಡುರಾತ್ರಿಯಿಂದ ಬೆಳಗಿನ ಐದೂವರೆಯ ತನಕ ಅಲ್ಲಿ ಇವತ್ತು ಅಂತ ಕೇಳಿದರೆ ನಿನ್ನೆಯ ತಾರೀಖು ಸಿಗುತ್ತದೆ. ರಾತ್ರಿ ಬಂದ ಲಾರಿಯ ಮಾಲನ್ನು ನಸುಕಿನಲ್ಲೇ ಎಂಟ್ರಿ ಮಾಡಿದರೆ ಅದು ಹಿಂದಿನ ದಿನಕ್ಕೆ ಸೇರಿಹೋಗುತ್ತದೆ.

ಪೈಥಾನ್ 3.9ರಿಂದ ಝೋನ್‌ಇನ್ಫೋ ಅನ್ನುವ ಮಾಡ್ಯೂಲ್ ಜೊತೆಗೇ ಬರುತ್ತದೆ. ಅದಕ್ಕೆ ಏಷ್ಯಾ, ಓರೆಗೆರೆ, ಕೋಲ್ಕತಾ ಅನ್ನುವ ಹೆಸರು ಕೊಟ್ಟು, ಅದನ್ನು ನೌ ಫಂಕ್ಷನ್‌ಗೆ ಕೊಟ್ಟರೆ ನಮ್ಮ ಸಮಯ ಸಿಗುತ್ತದೆ. ವಿಂಡೋಸ್‌ನಲ್ಲಿ ಝೋನ್ ಸಿಗಲಿಲ್ಲ ಅಂತ ಎರರ್ ಬಂದರೆ ಪಿಪ್‌ನಿಂದ ಟಿಝಡ್‌ಡೇಟಾ ಹಾಕಿಕೊಳ್ಳಿ. ಝೋನ್ ಇರುವ ಸಮಯವನ್ನೂ ಇಲ್ಲದ್ದನ್ನೂ ಹೋಲಿಸಿದರೆ, ಕಳೆದರೆ ಟೈಪ್‌ಎರರ್ ಬರುತ್ತದೆ. ಅದನ್ನು ಎಕ್ಸೆಪ್ಟ್‌ನಲ್ಲಿ ಹಿಡಿದು ಮುಚ್ಚಬೇಡಿ, ಎರಡಕ್ಕೂ ಝೋನ್ ಕೊಟ್ಟು ಸರಿಮಾಡಿ. ಹಳೆಯ ಪಾಠಗಳಲ್ಲಿ ಕಾಣುವ ಯುಟಿಸಿನೌ 3.12ರಿಂದ ಬೇಡವೆಂದು ಗುರುತಿಸಲಾಗಿದೆ, ಹೊಸ ಕೋಡ್‌ನಲ್ಲಿ ಬಳಸಬೇಡಿ.

ಹಂತ 9: ಒಪ್ಪಿಸುವ ಮುನ್ನ ಪರೀಕ್ಷೆ

ಅಂಗಡಿಯ ಫೈಲಿಗೆ ಹಚ್ಚುವ ಮೊದಲು ಸುಳ್ಳು ಸಾಲುಗಳ ಸಣ್ಣ ಫೈಲೊಂದನ್ನು ಮಾಡಿಕೊಳ್ಳಿ, ತಾರೀಖು ಓದುವ ಫಂಕ್ಷನ್ನನ್ನು ಮಿತಿ ಹಾಕದೆ ಅದರ ಮೇಲೆ ಓಡಿಸಿ. 29/2/2024 ಸರಿ ಬರಬೇಕು, 29/2/2023 ಬೀಳಬೇಕು, 29/2/2100 ಕೂಡ ಬೀಳಬೇಕು. ೫-೪-೨೦೨೪, 5.4.24, 45387 ಮೂರೂ ಒಂದೇ ದಿನ ಕೊಡಬೇಕು. ಖಾಲಿ, ಬರೀ ಸ್ಪೇಸ್, 31/4/2024 ಮೂರೂ ನೋಡಬೇಕಾದವುಗಳ ಫೈಲಿನಲ್ಲಿ ತಮ್ಮ ತಮ್ಮ ಸಾಲಿನ ನಂಬರ್ ಸಮೇತ ಕಾಣಬೇಕು. ಆಮೇಲೆ ಮಿತಿ ಹಾಕಿ ನಾಳೆಯ ತಾರೀಖಿನ ಒಂದು ಸಾಲು ಸೇರಿಸಿ ನೋಡಿ, ಅದೂ ಅಲ್ಲಿಗೇ ಹೋಗಬೇಕು.

ಸರಿಯಾದ ಸಾಲುಗಳನ್ನು ಹೊಸ ಫೈಲಿಗೆ ಬರೆಯುವಾಗ ಐಎಸ್‌ಓಫಾರ್ಮ್ಯಾಟ್ ಬಳಸಿ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: 2024-04-05. ಇದನ್ನು ಪಠ್ಯವಾಗಿ ಸಾರ್ಟ್ ಮಾಡಿದರೂ ಕ್ರಮ ತಪ್ಪುವುದಿಲ್ಲ, ಮತ್ತೆ ಓದಲು ಫ್ರಂಐಎಸ್‌ಓಫಾರ್ಮ್ಯಾಟ್ ಇದೆ, ದಿನ ತಿಂಗಳು ಅದಲುಬದಲಾಗುವ ಭಯವೂ ಇಲ್ಲ. ಹಳೆಯ ಫೈಲನ್ನು ಮಾತ್ರ ಅಳಿಸಬೇಡಿ, ಹೆಸರಿನ ಕೊನೆಗೆ ‘ಮೂಲ’ ಅಂತ ಸೇರಿಸಿ ಪಕ್ಕದಲ್ಲೇ ಇಡಿ. ಗುಮಾಸ್ತರು ನೋಡಬೇಕಾದವುಗಳನ್ನು ತಿದ್ದಲು ಕೂತಾಗ ಸಾಲಿನ ನಂಬರ್ ಹಿಡಿದು ಹುಡುಕುವುದು ಅದರಲ್ಲೇ.